ಮೂರು ಸೆಲ್ ಬ್ಯಾಟರಿ, ಒಂದು ಮೀಟರ್ ಬೀಡಿಂಗ್, ಒಂದು ಲೈಟ್‌ಸೇಬರ್

ಹಿಡಿ ಬಹುತೇಕ ಮುಗಿಯಿತು. ಅಲಗು ಅರ್ಧಕ್ಕೆ ನಿಂತಿದೆ. ಮರೆತುಹೋಗುವ ಮೊದಲು ಏನೇನು ಮಾಡಿದೆ, ಎಲ್ಲೆಲ್ಲಿ ಕೆಡಿಸಿದೆ ಅಂತ ಬರೆದಿಡುತ್ತಿದ್ದೇನೆ. ಒಟ್ಟು ಖರ್ಚು 2,975 ರೂಪಾಯಿ. ಅದರಲ್ಲಿ 1,380 ರೂಪಾಯಿ ನನ್ನ ದಡ್ಡತನದ ಬಾಬ್ತು.

ಮಾಡಲು ಹೊರಟಿದ್ದು 1977ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ನಾಯಕ ಲ್ಯೂಕ್ ಸ್ಕೈವಾಕರ್ ಕೈಗೆ ಬರುವ ಲೈಟ್‌ಸೇಬರ್, ಅಂದರೆ ಬೆಳಕಿನ ಅಲಗಿರುವ ಕತ್ತಿ. ಒತ್ತಿದರೆ ಝುಂಯ್ ಅನ್ನುವ ನೀಲಿ ದೀಪದ ಆಟಿಕೆ ಬೇಕಾದಷ್ಟು ಸಿಗುತ್ತೆ, ಅದು ನನಗೆ ಬೇಡ. ಮೂಲ ವಸ್ತುವನ್ನು ಹೇಗೆ ಮಾಡಿದ್ದರೋ ಹಾಗೆ ಒಂದು ಮಾಡಿ ನೋಡಬೇಕು, ಅಷ್ಟೇ.

ದಿನ 1, ಭಾನುವಾರ: ಮೂಲದಲ್ಲಿ ಏನಿತ್ತು

ಇಡೀ ದಿನ ಹಳೆಯ ಫೋಟೊ ನೋಡಿದ್ದಾಯಿತು. ಕಥೆ ಹೀಗಿದೆ. ಚಿತ್ರದ ಸೆಟ್‌ಗಳಿಗೆ ಸಾಮಾನು ಜೋಡಿಸುತ್ತಿದ್ದವರು ರೋಜರ್ ಕ್ರಿಶ್ಚಿಯನ್. ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಕೆಲಸ. ದುಡ್ಡು ಕಮ್ಮಿ. ಹೊಸದಾಗಿ ಎಲ್ಲ ಮಾಡಿಸುವ ಬದಲು ಗುಜರಿ ತಂದು ಜೋಡಿಸುವುದು ಅವರ ರೀತಿ. ಲಂಡನ್ನಿನ ಗ್ರೇಟ್ ಮಾರ್ಲ್‌ಬರೋ ಸ್ಟ್ರೀಟ್‌ನ ಒಂದು ಕ್ಯಾಮೆರಾ ಅಂಗಡಿಗೆ ಹೋದರು. ಅಲ್ಲಿ ಧೂಳು ಹಿಡಿದ ಡಬ್ಬದಲ್ಲಿ ಗ್ರಾಫ್ಲೆಕ್ಸ್ ಕಂಪನಿಯ ಫ್ಲ್ಯಾಶ್ ಹಿಡಿಗಳು ಸಿಕ್ಕವು.

ಗ್ರಾಫ್ಲೆಕ್ಸ್ ಅಂದರೆ ಅಮೆರಿಕದ ರೋಚೆಸ್ಟರ್ ಊರಿನ ಕ್ಯಾಮೆರಾ ಕಂಪನಿ. ಅವರ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ 1940ರ ದಶಕದ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲೆಲ್ಲ ಇತ್ತು. ಹಳೆಯ ಇಂಗ್ಲಿಷ್ ಸಿನಿಮಾಗಳಲ್ಲಿ ಹ್ಯಾಟು ಹಾಕಿದ ವರದಿಗಾರರು ದೊಡ್ಡ ತಟ್ಟೆಯಂಥ ಫ್ಲ್ಯಾಶ್ ಹಿಡಿದು ಪಟ್ ಅಂತ ಹೊಡೆಯುತ್ತಾರಲ್ಲ, ಅದೇ. ತಟ್ಟೆಯ ಕೆಳಗಿನ ಕೊಳವೆಯೇ ನಮ್ಮ ಲೈಟ್‌ಸೇಬರ್. ಒಳಗೆ ಮೂರು ದೊಡ್ಡ ಸೆಲ್. ಹೊರಗೆ ಫ್ಲ್ಯಾಶ್ ಹೊಡೆಯಲು ಒಂದು ಕೆಂಪು ಗುಂಡಿ.

ಕ್ರಿಶ್ಚಿಯನ್ ಅದಕ್ಕೆ ಸೇರಿಸಿದ್ದು ಮೂರೇ ಮೂರು. ಒಂದು, ಬೀರುವಿನ ಬಾಗಿಲಿಗೆ ಹಾಕುವ ಟಿ ಆಕಾರದ ಪಟ್ಟಿಯನ್ನು ತುಂಡು ಮಾಡಿ, ಹಿಡಿತಕ್ಕೆ ಅಂತ ಸೂಪರ್ ಗ್ಲೂ ಹಾಕಿ ಅಂಟಿಸಿದರು. ಸ್ಟಾರ್ಮ್‌ಟ್ರೂಪರ್ ಸೈನಿಕರ ಬಂದೂಕಿಗೆ ಅಂಟಿಸಿದ್ದೂ ಇದೇ ಪಟ್ಟಿ. ಎರಡು, ಹಾಳಾದ ಕ್ಯಾಲ್ಕುಲೇಟರಿನಿಂದ ಕಿತ್ತ ಗುಳ್ಳೆಗುಳ್ಳೆ ಪ್ಲಾಸ್ಟಿಕ್ ಪಟ್ಟಿ. ಮೂರು, ಸೊಂಟಕ್ಕೆ ನೇತುಹಾಕಲು ಬುಡದಲ್ಲಿ ಒಂದು ಡಿ ರಿಂಗ್. ಮುಗಿಯಿತು.

ಲ್ಯೂಕ್‌ನ ಗುರು ಓಬಿ-ವಾನ್ ಹಿಡಿದಿರುವ ಲೈಟ್‌ಸೇಬರ್ ಇದಕ್ಕಿಂತ ವಿಚಿತ್ರ. ಅದರ ಕುತ್ತಿಗೆ ಮೊದಲನೇ ಮಹಾಯುದ್ಧದ ಕಾಲದ ಬ್ರಿಟಿಷ್ ರೈಫಲ್ ಗ್ರೆನೇಡಿನದು. ಮೇಲ್ಭಾಗ ರೋಲ್ಸ್-ರಾಯ್ಸ್ ಡರ್ವೆಂಟ್ ಜೆಟ್ ಎಂಜಿನ್ನಿನ ಪೈಪ್ ತುಂಡು. ನಡುವೆ ಬ್ರೌನಿಂಗ್ ಮೆಷಿನ್‌ಗನ್ನಿನ ಭಾಗ. ಬುಡ? ಆರ್ಮಿಟೇಜ್ ಶ್ಯಾಂಕ್ಸ್ ಕಂಪನಿಯ ಬಚ್ಚಲುಮನೆ ನಲ್ಲಿಯ ತಿರುಗಣೆ! ಅದನ್ನೇ ಮಾಡೋಣ ಅಂತ ಆಸೆ ಇತ್ತು. ನಲ್ಲಿ ಸಿಗುತ್ತೆ, ಜೆಟ್ ಎಂಜಿನ್ ಪೈಪ್ ಎಲ್ಲಿಂದ ತರಲಿ?

ಅಸಲಿ ಗ್ರಾಫ್ಲೆಕ್ಸ್ ಹಿಡಿ ಕೊಳ್ಳುವ ಯೋಚನೆಯನ್ನು ಬೆಲೆ ನೋಡಿದ ತಕ್ಷಣ ಬಿಟ್ಟೆ. ಜಗತ್ತಿನ ಅಭಿಮಾನಿಗಳೆಲ್ಲ ಅದನ್ನೇ ಹುಡುಕುತ್ತಿದ್ದಾರೆ. ಪಾಪ, ಹಳೆಯ ಕ್ಯಾಮೆರಾ ಇಟ್ಟುಕೊಂಡವರಿಗೆ ಈಗ ಫ್ಲ್ಯಾಶ್ ಸಿಗುವುದಿಲ್ಲ.

ದಿನ 2: ಅಳತೆ

ಫೋಟೊ ನೋಡಿ ಅಳತೆ ತೆಗೆಯಬೇಕಾದರೆ ಗೊತ್ತಿರುವ ಅಳತೆ ಒಂದಾದರೂ ಬೇಕು. ಇಲ್ಲಿ ಅದು ಸೆಲ್. ದೊಡ್ಡ ಸೆಲ್ಲಿನ ಅಗಲ 34.2 ಮಿ.ಮೀ., ಉದ್ದ 61.5 ಮಿ.ಮೀ. ಎಲ್ಲ ದೇಶದಲ್ಲೂ ಅಷ್ಟೇ. ಮೂರು ಸಾಲಾಗಿ ಇಟ್ಟರೆ 184.5 ಮಿ.ಮೀ. ಕೊಳವೆಯ ಹೊರ ಅಗಲ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಫೋಟೊದಲ್ಲಿ ಅಗಲಕ್ಕೂ ಉದ್ದಕ್ಕೂ ಇರುವ ಲೆಕ್ಕ ಹಾಕಿ ನನ್ನ ಹಿಡಿಗೆ 270 ಮಿ.ಮೀ. ಉದ್ದ ಅಂತ ನಿಕ್ಕಿ ಮಾಡಿದೆ. ನೀಟಾಗಿ ಚಿತ್ರ ಬರೆದೆ. ತುಂಬಾ ಹೆಮ್ಮೆಯಾಯಿತು.

ದಿನ 4ರಿಂದ 6: ಮೊದಲ ಸೋಲು

ಅಲ್ಯೂಮಿನಿಯಂ ಪೈಪ್ ತಂದೆ. ಹೊರಗೆ 38 ಮಿ.ಮೀ., ಗೋಡೆ 3 ಮಿ.ಮೀ. ಬೆಲೆ 180. ಪೀಣ್ಯದಲ್ಲಿ ಒಬ್ಬರ ಲೇತ್‌ನಲ್ಲಿ ತುದಿ ಸಮ ಮಾಡಿಸಿ, ಎರಡು ಗೆರೆ ಹೊಡೆಸಿ, ಬುಡಕ್ಕೆ ಮರೆ (ಮುಚ್ಚಳ ತಿರುಗಿಸಿ ಕೂರಿಸುವ ತಿರುಪಿನ ಗೆರೆ) ಹಾಕಿಸಿದೆ. 400 ರೂಪಾಯಿ. ಕೆಲಸ ಚೊಕ್ಕವಾಗಿ ಮಾಡಿಕೊಟ್ಟರು. ಕೊಡುವಾಗ, "ಇದ್ರೊಳಗೆ ಏನ್ ಹಾಕ್ತೀರಾ ಸಾರ್?" ಅಂತ ಕೇಳಿದರು. "ಸೆಲ್" ಅಂದೆ. ಅವರು ಪೈಪಿನ ಬಾಯಿ ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಮನೆಗೆ ಬಂದು ಸೆಲ್ ಹಾಕಿದೆ. ಹೋಗಲಿಲ್ಲ. 38ರಲ್ಲಿ ಎರಡು ಕಡೆ ಮೂರು ಮೂರು ಕಳೆದರೆ 32. ಸೆಲ್ 34.2. ಎರಡನೇ ಕ್ಲಾಸಿನ ಲೆಕ್ಕ. ಇಡೀ ಅಳತೆಯನ್ನೇ ಸೆಲ್ಲಿನಿಂದ ಶುರು ಮಾಡಿ, ಪೈಪ್ ಕೊಳ್ಳುವಾಗ ಸೆಲ್ಲನ್ನೇ ಮರೆತಿದ್ದೆ. ಸುಮ್ನೆ ತೋರಿಸಲು ಇಡೋದಾದರೆ ಸೆಲ್ ಯಾಕೆ ಬೇಕು ಅಂತ ನೀವು ಕೇಳಬಹುದು. ಆದರೆ ಸೆಲ್ ಇಲ್ಲದ ಆ ಪೈಪು ಕೈಯಲ್ಲಿ ಹಿಡಿದರೆ ಪರದೆ ಕಂಬಿಯ ತುಂಡಿನಂತಿತ್ತು. ತೂಕ ಇಲ್ಲ, ಅಲ್ಯೂಮಿನಿಯಂ ಹೊಳಪೂ ಬೇರೆ ಥರ.

ಅದನ್ನು ಟೇಬಲ್ ಮೇಲೆ ಇಟ್ಟು ಕೂತಿದ್ದಾಗ ಅಮ್ಮ ಬಂದು ನನ್ನ ಚಿತ್ರ ನೋಡಿದರು. "ಇದೇನೋ, ನಿಮ್ಮಜ್ಜನ ಬ್ಯಾಟರಿ ಇದ್ದಂಗಿದೆ?"

ಹೌದಲ್ಲ! ಅಜ್ಜ ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವಾಗ ಹಿಡಿಯುತ್ತಿದ್ದ ಮೂರು ಸೆಲ್ ಬ್ಯಾಟರಿ. ಹಿತ್ತಾಳೆ ಕೊಳವೆ, ಮೇಲೆ ಹೊಳೆಯುವ ಲೇಪ, ಬುಡದಲ್ಲಿ ತಿರುಪು ಮುಚ್ಚಳ, ಒಳಗೆ ಸ್ಪ್ರಿಂಗ್. ಮಾಡಿದ ಕೆಲಸವೂ ಹತ್ತಿರ ಹತ್ತಿರ ಒಂದೇ, ಮೂರು ಸೆಲ್ಲಿನ ಕರೆಂಟನ್ನು ಒಂದು ಬಲ್ಬಿಗೆ ಕೊಡುವುದು. ಐದು ದಿನ ಫೋಟೊ ಅಳೆದವನಿಗೆ ಇದು ಹೊಳೆದಿರಲಿಲ್ಲ.

ದಿನ 8, ಭಾನುವಾರ: ಸಂತೆ

ಅಜ್ಜನ ಬ್ಯಾಟರಿ ಊರಲ್ಲಿದೆ, ಅದನ್ನು ಕೊಯ್ಯುವ ಮಾತೇ ಇಲ್ಲ. ಬೆಳಿಗ್ಗೆ ಏಳಕ್ಕೆ ಚಿಕ್ಕಪೇಟೆ ಹತ್ತಿರದ ಭಾನುವಾರದ ಸಂತೆಗೆ ಹೋದೆ. ಜೇಬಲ್ಲಿ ಒಂದು ದೊಡ್ಡ ಸೆಲ್, ಅಗಲ ಅಳೆಯಲು ಒಂದು ವರ್ನಿಯರ್. ಈ ಸಲ ಸೆಲ್ ಹಾಕಿ ನೋಡದೆ ಏನನ್ನೂ ಕೊಳ್ಳುವುದಿಲ್ಲ ಅಂತ ಶಪಥ.

ಮೂರು ಸೆಲ್ಲಿನದು ಒಂದು, 220 ರೂಪಾಯಿ. ಹೊರಗೆ 37.6 ಮಿ.ಮೀ., ಒಳಗೆ 35.5. ತಲೆ ಜಜ್ಜಿಹೋಗಿತ್ತು, ನನಗೆ ತಲೆ ಬೇಡವೇ ಬೇಡ. ಆದರೆ ತಲೆ ತೆಗೆದರೆ ಉಳಿಯುವ ಕೊಳವೆ 200 ಮಿ.ಮೀ. ಮಾತ್ರ. ಇನ್ನೂ 70 ಬೇಕು. ಹಾಗಾಗಿ ಅದೇ ಅಗಲದ ಎರಡು ಸೆಲ್ಲಿನದನ್ನೂ 100 ರೂಪಾಯಿಗೆ ತಗೊಂಡೆ.

ಅದೇ ಸಂತೆಯಲ್ಲಿ ಕೆಂಪು ಅಂಕಿ ಬೆಳಗುವ ಹಳೆಯ ಕ್ಯಾಲ್ಕುಲೇಟರೂ ಸಿಕ್ಕಿತು. 150 ರೂಪಾಯಿ. ಮಾರುವವರು "ವರ್ಕ್ ಆಗಲ್ಲ ಸಾರ್, ಆಮೇಲೆ ತಂದು ವಾಪಸ್ ಕೊಡಬೇಡಿ" ಅಂದರು. ನನಗೆ ಬೇಕಾದದ್ದು ಅದೇ. 1970ರ ದಶಕದ ಕ್ಯಾಲ್ಕುಲೇಟರುಗಳಲ್ಲಿ ಅಂಕಿ ತೀರಾ ಚಿಕ್ಕದಾಗಿರುತ್ತಿತ್ತು. ದೊಡ್ಡದಾಗಿ ಕಾಣಲಿ ಅಂತ ಪ್ರತಿ ಅಂಕಿಯ ಮೇಲೂ ಒಂದು ಪುಟ್ಟ ಪ್ಲಾಸ್ಟಿಕ್ ಗುಳ್ಳೆ. ಆ ಗುಳ್ಳೆಗಳ ಸಾಲೇ ಸಿನಿಮಾದಲ್ಲಿ ಯಾವುದೋ ನಕ್ಷತ್ರಲೋಕದ ಯಂತ್ರದ ಹಾಗೆ ಮಿಂಚುತ್ತದೆ.

ದಿನ 10: ಎರಡು ಕೊಳವೆ ಒಂದು ಮಾಡಿದ್ದು

ಕೆಟ್ಟ ಅಲ್ಯೂಮಿನಿಯಂ ಪೈಪ್ ಇಲ್ಲಿ ಕೆಲಸಕ್ಕೆ ಬಂತು. ಅದರ 30 ಮಿ.ಮೀ. ತುಂಡನ್ನು ಹೊರಗಿನಿಂದ 35.4ಕ್ಕೆ ಇಳಿಸಿ, ಎರಡು ಕೊಳವೆಯ ಒಳಗೆ ಅರ್ಧರ್ಧ ಕೂರುವ ಹಾಗೆ ಮಾಡಿಸಿದೆ. ಬ್ಯಾಟರಿಗಳ ತಲೆ ಕೊಯ್ಯುವುದೂ ಸೇರಿ 150 ರೂಪಾಯಿ. ಅಂಟಿಸುವ ಮೊದಲು ಸೆಲ್ ಹಾಕಿ ನೋಡಿದೆ. ಬುದ್ಧಿ ಬಂದಿತ್ತು. ನೋಡಿದರೆ ತುಂಡು ಸೆಲ್ಲಿನ ತಲೆಗೆ ತಾಗಿ, ಬುಡದ ಮುಚ್ಚಳದ ಮರೆ ಹಿಡಿಯುತ್ತಲೇ ಇಲ್ಲ. ಕೆಳಭಾಗ 15 ಇದ್ದದ್ದನ್ನು ಅರದಿಂದ ತೀಡಿ 8ಕ್ಕೆ ತಂದೆ. ಆಮೇಲೆ ಕೂತಿತು. ಅಂಟು ಮನೆಯಲ್ಲಿದ್ದ ಎರಡು ಟ್ಯೂಬಿನದೇ, ಒಂದು ರಾತ್ರಿ ಬಿಟ್ಟೆ.

ದಿನ 12ರಿಂದ 14: ಕ್ಲಾಂಪ್

ಇದೇ ಅತಿ ಕಷ್ಟದ್ದು. ಗ್ರಾಫ್ಲೆಕ್ಸ್ ಹಿಡಿಯ ಮಧ್ಯದಲ್ಲಿ ಲಿವರ್ ಇರುವ ಒಂದು ಪಟ್ಟಿ ಕೊಳವೆಯನ್ನು ಸುತ್ತಿಕೊಂಡಿರುತ್ತದೆ. ಕ್ಯಾಲ್ಕುಲೇಟರ್ ಪಟ್ಟಿ ಕೂತಿರುವುದು ಅದರಲ್ಲೇ.

0.8 ಮಿ.ಮೀ. ಹಿತ್ತಾಳೆ ಶೀಟ್, 160 ರೂಪಾಯಿ. ಮೊದಲು ಕಾಗದದಲ್ಲಿ ಕತ್ತರಿಸಿ ಸುತ್ತಿ ನೋಡಿದೆ, ಆಮೇಲೆ ಶೀಟ್ ಕತ್ತರಿಸಿದೆ. 25 ಮಿ.ಮೀ. ಅಗಲ. ಮಿಕ್ಕ ಅಲ್ಯೂಮಿನಿಯಂ ಪೈಪಿಗೆ ಸುತ್ತಿ ರಬ್ಬರ್ ಸುತ್ತಿಗೆಯಲ್ಲಿ ಬಡಿದೆ. ಚೆನ್ನಾಗಿ ಬಂತು. ಕೊಕ್ಕೆಗಳನ್ನು ಬೆಸೆಯಬೇಕು. ಸೋಲ್ಡರ್, ಫ್ಲಕ್ಸ್ ಸೇರಿ 90.

ತಪ್ಪು ಇಲ್ಲಾಯಿತು. ಕ್ಲಾಂಪನ್ನು ಬೇರೆಯಾಗಿ ಬೆಸೆದು ಆಮೇಲೆ ಕೊಳವೆಗೆ ಹಾಕಬೇಕಿತ್ತು. "ಕೊಳವೆಯ ಮೇಲೇ ಇಟ್ಟು ಬೆಸೆದರೆ ಸರಿಯಾಗಿ ಕೂರುತ್ತೆ" ಅಂತ ಜಾಣತನ ತೋರಿಸಿದೆ. ಗ್ಯಾಸ್ ಉರಿ ತಾಗಿ ಲೇಪ ಹಳದಿಯಾಯಿತು, ಆಮೇಲೆ ನೀಲಿ. ಒಳಗಿನ ಅಂಟು ಮೆತ್ತಗಾಗಿ ಮೇಲಿನ ಕೊಳವೆ ಸ್ವಲ್ಪ ವಾಲಿತು. ಬಿಸಿಯಲ್ಲೇ ನೇರ ಮಾಡಲು ಹೋಗಿ ಹೆಬ್ಬೆರಳು ಸುಟ್ಟಿತು. ಪಾತ್ರೆ ಉಜ್ಜುವ ಪುಡಿಯಲ್ಲಿ ಎಷ್ಟು ಉಜ್ಜಿದರೂ ನೀಲಿ ಪೂರ್ತಿ ಹೋಗಲಿಲ್ಲ. ಈಗ ಆ ಜಾಗ ಕ್ಲಾಂಪಿನ ಅಡಿಗೆ ಬರುವಂತೆ ಕ್ಲಾಂಪನ್ನೇ 10 ಮಿ.ಮೀ. ಮೇಲೆ ಸರಿಸಿದ್ದೇನೆ. ಕೊಳವೆಗಳ ಜಾಯಿಂಟೂ ಮುಚ್ಚಿತು. ಮೂಲ ಗೊತ್ತಿದ್ದವರು ನೋಡಿದರೆ ಕ್ಲಾಂಪ್ ಜಾಗ ತಪ್ಪಿದ್ದನ್ನು ತಕ್ಷಣ ಹಿಡಿಯುತ್ತಾರೆ. ಹಿಡಿಯಲಿ.

ದಿನ 15, ಭಾನುವಾರ: ಗುಳ್ಳೆ ಪಟ್ಟಿ

ಕ್ಯಾಲ್ಕುಲೇಟರ್ ಬಿಚ್ಚಲು ಮನಸ್ಸೇ ಬರಲಿಲ್ಲ. ಐವತ್ತು ವರ್ಷ ಎಲ್ಲೋ ಬದುಕಿದ ವಸ್ತು. ಹಾಗಾಗಿ ಗುಳ್ಳೆ ಪಟ್ಟಿಯ ಅಚ್ಚು ತೆಗೆದು ರೆಸಿನ್‌ನಲ್ಲಿ ಎರಕ ಹೊಯ್ಯೋಣ ಅಂತ 350 ಕೊಟ್ಟು ಕಿಟ್ ತಂದೆ. ಮೊದಲ ಎರಕದಲ್ಲಿ ಗುಳ್ಳೆಯೊಳಗೆ ಗುಳ್ಳೆ. ಎರಡನೆಯದು ಅಂಟಂಟಾಗಿಯೇ ಉಳಿಯಿತು, ಎರಡು ದ್ರಾವಣವನ್ನು ಕಣ್ಣಂದಾಜಿನಲ್ಲಿ ಬೆರೆಸಿದ್ದೆ. ಮೂರನೆಯದು ಗಟ್ಟಿಯಾಯಿತು, ಆದರೆ ಬೆಲ್ಲದ ಪಾಕದ ಬಣ್ಣ.

ಕೊನೆಗೆ ಕ್ಯಾಲ್ಕುಲೇಟರ್ ಬಿಚ್ಚಿ ಅಸಲಿಯನ್ನೇ ಕಿತ್ತೆ. ಎರಡೇ ನಿಮಿಷದ ಕೆಲಸ. ಉದ್ದ ಜಾಸ್ತಿಯಿತ್ತು, ಒಂದು ತುದಿ ಕೊಯ್ದು ಕ್ಲಾಂಪಿನೊಳಗೆ ತೂರಿಸಿದೆ.

ಕೆಂಪು ಗುಂಡಿ ಎಸ್.ಪಿ. ರಸ್ತೆಯಲ್ಲಿ 15 ರೂಪಾಯಿ. ಅದರ ಪಕ್ಕ ಬರುವ ಗಾಜಿನ ಕಣ್ಣಿಗೆ 10 ರೂಪಾಯಿಯ ಒಂದು ಮಣಿ. ಈ ಎರಡರಲ್ಲಿ ಏನೂ ಕೆಡಲಿಲ್ಲ.

ದಿನ 17ರಿಂದ 20: ಟಿ ಪಟ್ಟಿ, ಮೂರು ಸಲ

ಹಾರ್ಡ್‌ವೇರ್ ಅಂಗಡಿಯಲ್ಲಿ "ಟಿ ಆಕಾರದ ಕಪ್ಪು ಪಟ್ಟಿ" ಅಂದರೆ ಅರ್ಥವಾಗಲಿಲ್ಲ. "ಪ್ಲೈವುಡ್ ಅಂಚಿಗೆ ಹಾಕ್ತಾರಲ್ಲ" ಅಂದೆ. "ಬೀಡಿಂಗ್ ಅನ್ನಿ ಮತ್ತೆ!" ಮೀಟರಿಗೆ 40 ರೂಪಾಯಿ.

ಟಿ ತಲೆಕೆಳಗಾಗಿ ಕೂರಬೇಕು. ಅಗಲದ ಮೈ ಕೊಳವೆಗೆ ಅಂಟಿ, ಕಾಲು ಹೊರಗೆ ಚಾಚಬೇಕು. ಬೀಡಿಂಗಿನ ಕಾಲಲ್ಲಿ ಪ್ಲೈವುಡ್ ಕಚ್ಚಿಕೊಳ್ಳಲು ಸಣ್ಣ ಹಲ್ಲುಗಳಿರುತ್ತವೆ. ಅವನ್ನೆಲ್ಲ ಬ್ಲೇಡಿನಲ್ಲಿ ಹೆರೆದೆ. 80 ಮಿ.ಮೀ. ಉದ್ದದ ಆರು ತುಂಡು.

ಮೊದಲ ಸಲ: ಫೆವಿಕ್ವಿಕ್ ಹಾಕಿ ಒತ್ತಿದೆ. ಬೆಳಿಗ್ಗೆ ಆರರಲ್ಲಿ ನಾಲ್ಕು ನೆಲದ ಮೇಲೆ. ಲೇಪದ ಮೇಲೆ ಕೈ ಜಿಡ್ಡು, ಪಟ್ಟಿಯೂ ನುಣುಪು.

ಎರಡನೇ ಸಲ: ಎರಡೂ ಕಡೆ ಉಪ್ಪುಕಾಗದ ತಿಕ್ಕಿ, ಒರೆಸಿ, ಅಂಟು ಧಾರಾಳವಾಗಿ ಹಾಕಿದೆ. ಹಿಡಿಯಿತು. ಆದರೆ ಅಂಟಿನ ಹಬೆಗೆ ಸುತ್ತಲಿನ ಹೊಳಪಿನ ಮೇಲೆ ಬೆಳ್ಳಗೆ ಬೂಷ್ಟು ಬಂದಂತಾಯಿತು. ಅದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದು. ಕಂಪಾಸಿನಲ್ಲಿ ಅಳೆದು ಸರಿಯಾಗಿ 60 ಡಿಗ್ರಿಗೊಂದರಂತೆ ಗೆರೆ ಹಾಕಿ ಅಂಟಿಸಿದ್ದೆ. ಎಲ್ಲ ತಪ್ಪಿಲ್ಲದೆ ಸಮ. ಫೋಟೊ ಪಕ್ಕ ಇಟ್ಟು ನೋಡಿದರೆ ಬೇರೆಯೇ ವಸ್ತು. ಮೂಲದ ಪಟ್ಟಿಗಳು ಕೈಯಲ್ಲಿ ಕತ್ತರಿಸಿದವು. ತುದಿಗಳು ಒಂದಕ್ಕೊಂದು ಪೂರ್ತಿ ಸಮ ಇಲ್ಲ. ನನ್ನದು ಕಾರ್ಖಾನೆ ಮಾಲಿನ ಥರ ಕಾಣುತ್ತಿತ್ತು.

ಮೂರನೇ ಸಲ: ಎಲ್ಲ ಕಿತ್ತೆ. ಗೆರೆ ಇಲ್ಲ, ಸ್ಕೇಲ್ ಇಲ್ಲ. ಕತ್ತರಿಯಲ್ಲಿ ಕತ್ತರಿಸಿ, ಕಣ್ಣಲ್ಲಿ ನೋಡಿ, ತುಂಡಿಗೆ ನಾಲ್ಕು ಹನಿ ಅಂಟು. ಗಾಳಿ ಆಡಲಿ ಅಂತ ಫ್ಯಾನ್ ಹಾಕಿದೆ, ಬೂಷ್ಟು ಬರಲಿಲ್ಲ. ಹತ್ತೇ ನಿಮಿಷದ ಕೆಲಸ. ಈಗ ನೋಡಿದರೆ ಅದೇ. ಮೂಲದವರೂ ಸಿನಿಮಾ ಸೆಟ್ಟಿನ ಅವಸರದಲ್ಲಿ ಹೀಗೇ ಮಾಡಿರಬೇಕು ಅಂತ ಅನ್ನಿಸಿತು. ಅಂಟಿನ ಖರ್ಚು ಒಟ್ಟು 40.

ದಿನ 21: ಡಿ ರಿಂಗ್

ಬುಡದ ಮುಚ್ಚಳಕ್ಕೆ ತೂತು ಕೊರೆದು ರಿವೆಟ್ ಹೊಡೆದೆ. ರಿಂಗ್, ರಿವೆಟ್ ಸೇರಿ 30. ರಿವೆಟ್ ತುದಿ ಒಳಗಿನ ಸ್ಪ್ರಿಂಗಿಗೆ ಅಡ್ಡ ಬಂತು, ಅರದಿಂದ ತೀಡಿದೆ. ಮೂರು ಹೊಸ ಸೆಲ್ 90 ರೂಪಾಯಿ. ಹಾಕಿ ಸೊಂಟಕ್ಕೆ ನೇತುಹಾಕಿದರೆ ಬೆಲ್ಟ್ ಒಂದು ಕಡೆ ಜಗ್ಗುತ್ತದೆ, ನಡೆದರೆ ಮೊಣಕಾಲಿಗೆ ಬಡಿಯುತ್ತದೆ. ಆದರೂ ಅಡುಗೆಮನೆವರೆಗೆ ಎರಡು ಸಲ ನಡೆದೆ.

ದಿನ 22ರಿಂದ 28: ಅಲಗು

ಹೊಳೆಯುವ ಅಲಗನ್ನು ಮೊದಲ ಚಿತ್ರದಲ್ಲಿ ಪೂರ್ತಿ ಆಮೇಲೆ ಬರೆದದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಚಿತ್ರೀಕರಣದಲ್ಲೇ ಹೊಳೆಯಿಸಲು ಒಂದು ಉಪಾಯ ಮಾಡಿದ್ದರು. ಮರದ ಕೋಲಿಗೆ ಸ್ಕಾಚ್‌ಲೈಟ್ ಅನ್ನುವ ಪ್ರತಿಫಲಕ ಹಚ್ಚಿ, ಹಿಡಿಯೊಳಗಿನ ಮೋಟರಿನಿಂದ ಅದನ್ನು ಗಿರಗಿರ ತಿರುಗಿಸುವುದು. ಕ್ಯಾಮೆರಾ ಮುಂದೆ ಅರೆಗನ್ನಡಿಯನ್ನು ಓರೆಯಾಗಿ ಇಟ್ಟು ಲೆನ್ಸಿನ ದಾರಿಯಲ್ಲೇ ಬೆಳಕು ಬಿಡುವುದು. ಬಿದ್ದ ಬೆಳಕು ಬಂದ ದಾರಿಯಲ್ಲೇ ವಾಪಸ್ ಲೆನ್ಸಿಗೆ ಬರುತ್ತದೆ. ಮೋಟರಿನ ವೈರ್ ನಟರ ತೋಳಿನೊಳಗಿಂದ ಹೋಗುತ್ತಿತ್ತು. ಸೆಟ್ಟಿನಲ್ಲಿ ಮಾಡುವ ಯಾಂತ್ರಿಕ ಪರಿಣಾಮಗಳ ಜವಾಬ್ದಾರಿ ಜಾನ್ ಸ್ಟಿಯರ್ಸ್ ಅವರದು. ಬಣ್ಣ, ಕಾಂತಿ ಮಾತ್ರ ಆಮೇಲೆ ಅನಿಮೇಷನ್‌ನಲ್ಲಿ ಸೇರಿತು.

ಪ್ರತಿಫಲಕ ಅಂದರೆ ನಮ್ಮ ಲಾರಿಗಳ ಹಿಂದೆ ಅಂಟಿಸುವ ಟೇಪೇ ಅಲ್ವಾ? ಬಿಳಿಯದು 120 ರೂಪಾಯಿ. ಮಾಪ್ ಕೋಲು 80, 20 ಮಿ.ಮೀ. ದಪ್ಪ, 900 ಉದ್ದಕ್ಕೆ ಕೊಯ್ದೆ. ಟೇಪ್ ಅಂಟಿಸಿ, ಮೊಬೈಲಿನ ಫ್ಲ್ಯಾಶ್ ಹಾಕಿ ವಿಡಿಯೊ ತೆಗೆದೆ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಅರೆಗನ್ನಡಿ ಬೇಕಿಲ್ಲ. ಅಬ್ಬಾ! ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಕೋಲು ಬೆಳ್ಳಗೆ ಉರಿಯುವಂತೆ ಕಂಡಿತು. ಪಕ್ಕದಲ್ಲಿ ನಿಂತ ಅಮ್ಮನಿಗೆ ಬರೀ ಬೂದು ಕೋಲು ಕಾಣುತ್ತಿತ್ತು. "ಏನು ಅಷ್ಟು ಖುಷಿ?" ಅಂದರು. ಮೊಬೈಲ್ ತೋರಿಸಿದೆ.

ಹತ್ತಿರದಿಂದ ತೆಗೆದರೆ ಲಾರಿ ಟೇಪಿನ ಜೇನುಗೂಡಿನ ಗೆರೆ ಎದ್ದು ಕಾಣುತ್ತದೆ. ಸಣ್ಣ ಗಾಜಿನ ಮಣಿಗಳ ಟೇಪ್ ಆದರೆ ನುಣ್ಣಗೆ ಬರುತ್ತದೆ. ಮುಂದಿನ ಸಲ ಅದು.

ಮೋಟರ್ ವಿಷಯ ಬರೆಯಲು ನಾಚಿಕೆ. 12 ವೋಲ್ಟಿನ ಗೇರ್ ಮೋಟರ್ 450 ಕೊಟ್ಟು ತಂದೆ. ಅಗಲ 37 ಮಿ.ಮೀ. ಕೊಳವೆಯ ಒಳ ಅಗಲ 35.5. ಹೌದು, ಅದೇ ತಪ್ಪು, ಅದೇ ಮನುಷ್ಯ. ಆಮೇಲೆ 25 ಮಿ.ಮೀ. ಮೋಟರ್ 300 ರೂಪಾಯಿಗೆ ತಂದೆ, ನಿಮಿಷಕ್ಕೆ 300 ಸುತ್ತು. ಕೋಲಿನ ಬುಡದ ತೂತನ್ನು ಕೈ ಡ್ರಿಲ್ಲಿನಲ್ಲಿ ಕೊರೆದಿದ್ದರಿಂದ ಕೂದಲೆಳೆಯಷ್ಟು ಓರೆ. ಬುಡದ ಕೂದಲೆಳೆ 900 ಮಿ.ಮೀ. ಆಚೆ ಬೆರಳಗಲ. ಸ್ವಿಚ್ ಹಾಕಿದ ತಕ್ಷಣ ತುದಿ ದೊಡ್ಡ ಸುತ್ತು ಹೊಡೆದು, ಕಪಾಟಿನ ಮೇಲಿದ್ದ ಕಾಫಿ ಲೋಟ ಉರುಳಿಸಿ, ಬುಡದಲ್ಲಿ ಲಟಕ್ ಅಂತ ಮುರಿಯಿತು. ಮೊದಲ ಚಿತ್ರದ ಕತ್ತಿವರಸೆ ಅಷ್ಟು ಹುಷಾರಾಗಿ, ಮೆಲ್ಲಗೆ ಯಾಕಿದೆ ಅಂತ ಆಗ ಅರ್ಥವಾಯಿತು. ಅವರ ಕೋಲುಗಳೂ ತಾಗಿದರೆ ಮುರಿಯುತ್ತಿದ್ದವು.

ದಿನ 29, ಭಾನುವಾರ: ಈಗಿನ ಸ್ಥಿತಿ

ಬಾಕಿ ಇರುವುದು ಎರಡು. ಮೇಲ್ತುದಿಯಲ್ಲಿ ಫ್ಲ್ಯಾಶ್ ತಟ್ಟೆ ಹಿಡಿಯಲು ಇರುವ ಮೊಲದ ಕಿವಿಯಂಥ ಎರಡು ಚಾಚು. ಅದಕ್ಕೆ ಮಿಕ್ಕ ಹಿತ್ತಾಳೆ ಶೀಟ್ ಸಾಕು, ಈ ಸಲ ಬೇರೆಯಾಗಿ ಬೆಸೆಯುತ್ತೇನೆ. ಇನ್ನೊಂದು, ಕೋಲಿನ ಬುಡಕ್ಕೆ ಲೇತ್‌ನಲ್ಲಿ ನೇರ ತೂತು. ಪೀಣ್ಯಕ್ಕೆ ಮತ್ತೆ ಹೋಗಬೇಕು. ಹೋಗುವಾಗ ಸೆಲ್, ಮೋಟರ್, ಕೊಳವೆ, ಎಲ್ಲ ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ.

ಸದ್ಯಕ್ಕೆ ಹಿಡಿಯನ್ನು ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಇವತ್ತು ಬೆಳಿಗ್ಗೆ ಗ್ಯಾಸ್ ಗೀಸರ್ ಹೊತ್ತಿಕೊಳ್ಳಲಿಲ್ಲ. ಅದಕ್ಕೂ ದೊಡ್ಡ ಸೆಲ್ಲೇ, ಎರಡು ಬೇಕು. ಅಮ್ಮ ಮುಚ್ಚಳ ತಿರುಗಿಸಿ ತೆಗೆದುಕೊಂಡರು.